ಹೆಲ್ಸಿಂಕಿಯಲ್ಲಿ ಮಡಿಲಕ್ಕಿ

ಹೆಮ್ಮಿಗೆ

ಫಿನ್ಲೆಂಡಿಗೆ ಹೋಗಿ ಬಂದೆ ಎಂದರೆ ನಂಜನಗೂಡಿನಲ್ಲಿ ಜನ ಮೊದಲು ಕೇಳುವುದು ಚಳಿ ಎಷ್ಟಿತ್ತು ಎಂದು. ಆಮೇಲೆ ಊಟಕ್ಕೆ ಏನು ಮಾಡಿಕೊಳ್ಳುತ್ತಿದ್ದಿರಿ ಎಂದು. ಯಾವ ಕೆಲಸಕ್ಕೆ ಹೋಗಿದ್ದಿರಿ ಎಂದು ಕೇಳಿದವರು ಕಡಿಮೆ. ಕೇಳಿದ ಒಬ್ಬಿಬ್ಬರೂ ಅರ್ಧ ಉತ್ತರಕ್ಕೇ ಮುಖ ಕೆಂಪು ಮಾಡಿಕೊಂಡು, ಬಸ್ಸು ಬಂತು ಎಂದು ಎದ್ದು ಹೋದರು. ಹಾಗಾಗಿ ಇಲ್ಲಿ ಬರೆದೇ ಬಿಡುತ್ತೇನೆ. ಹೆಂಗಸರ ಅಂಡಾಶಯದ ಕೋಶಗಳನ್ನು ಬಟ್ಟಲಲ್ಲಿ ಬೆಳೆಸಿ, ಅವು ಯಾರ ಮಾತು ಕೇಳಿ ಎಷ್ಟು ಪ್ರೋಟೀನು ಸುರಿಸುತ್ತವೆ ಎಂದು ಅಳೆಯಲು ಹೋಗಿದ್ದೆ. ನಾಚಿಕೆಪಡುವಂಥದ್ದು ಇದರಲ್ಲಿ ಏನೂ ಇಲ್ಲ.

ತೊಂಬತ್ತರ ದಶಕದ ಕೊನೆಯ ಮಾತು ಇದು. ಆಗ ನಾನು ನಂಜನಗೂಡಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತಿದ್ದೆ. ಜೊತೆಗೆ ಪಿಎಚ್.ಡಿ. ಎಂಬ ಮುಗಿಯದ ಕೆಲಸವೊಂದನ್ನು ವರ್ಷಗಟ್ಟಲೆಯಿಂದ ಹೊತ್ತುಕೊಂಡಿದ್ದೆ. ಅದುವರೆಗಿನ ಕೆಲಸವೆಲ್ಲ ಕುರಿಯ ಅಂಡಾಶಯದ ಮೇಲೆ. ಲಿಂಗ ಕಟ್ಟಿದ ಮನೆತನದ ಹೆಂಗಸು ನಾನು, ಬೆಳಗಾಗೆದ್ದು ಪೂಜೆ ಮುಗಿಸಿ, ಫ್ಲಾಸ್ಕು ಹಿಡಿದು, ಮೈಸೂರಿನ ಕಸಾಯಿಖಾನೆಯ ಬಾಗಿಲಲ್ಲಿ ನಿಲ್ಲುತ್ತಿದ್ದೆ. ಈ ಸಂಗತಿ ಹೆಮ್ಮಿಗೆಯಲ್ಲಿರುವ ನನ್ನ ಅವ್ವನಿಗೆ ಇವತ್ತಿಗೂ ಗೊತ್ತಿಲ್ಲ, ಗೊತ್ತಾಗುವುದೂ ಬೇಡ.

ನನ್ನ ಮಾರ್ಗದರ್ಶಕರು ಹೇಳಿದ್ದರು: "ಕುರಿಯದು ಆಯಿತಮ್ಮ. ಮನುಷ್ಯರ ಕೋಶದಲ್ಲಿ ಅದು ನಿಜವಾ ಅಂತ ತೋರಿಸು. ಇಲ್ಲದಿದ್ದರೆ ಪರೀಕ್ಷಕರು ವಾಪಸ್ ಕಳಿಸ್ತಾರೆ." ಅಂಥ ಕೋಶ ಸಿಗುವ ಪ್ರಯೋಗಾಲಯ ಹೆಲ್ಸಿಂಕಿಯಲ್ಲಿತ್ತು. ಪತ್ರ ಬರೆದು, ಕಾಯ್ದು, ಕೊನೆಗೆ ಒಂದು ಚಳಿಗಾಲದ ಮಟ್ಟಿಗೆ ಅವಕಾಶ ಸಿಕ್ಕಿತು. ಕಾಲೇಜಿನವರು ರಜೆ ಕೊಟ್ಟರು, ಇನ್ನೊಂದು ಸಲ ಕೇಳಬೇಡಿ ಎಂದೂ ಹೇಳಿದರು. ಈ ಚಳಿಗಾಲ ಕೈತಪ್ಪಿದರೆ ಅಷ್ಟೂ ವರ್ಷದ ಕೆಲಸ ಕಪಾಟು ಸೇರುವುದು ಖಂಡಿತವಿತ್ತು.

ಹೊರಡುವ ಮುನ್ನ ಹೆಮ್ಮಿಗೆಗೆ ಹೋದೆ. ಅವ್ವ ರೇಷ್ಮೆ ಹುಳುವಿನ ಕೋಣೆಯಲ್ಲಿ ತಟ್ಟೆಗಳಿಗೆ ಸೊಪ್ಪು ಹಾಕುತ್ತಿದ್ದಳು. ತಿರುಗಿ ನೋಡದೆಯೇ ಕೇಳಿದಳು.

"ಅಷ್ಟ್ ದೂರ ಓಗಿ ಏನ್ ಮಾಡೀಯೆ ನಾಗೂ?"

"ಹೆಂಗಸರ ಹೊಟ್ಟೇಲಿ ತತ್ತಿ ಇರ್ತದಲ್ಲವ್ವ, ಅದರ ಸುತ್ತ ಸಣ್ಣ ಸಣ್ಣ ಕೋಶ ಇರ್ತವೆ. ಬಾಣಂತಿ ಸುತ್ತ ಮನೆಯೋರೆಲ್ಲ ಕೂತಂಗೆ. ಅವು ಒಂದು ಪ್ರೋಟೀನು ಬಿಡ್ತವೆ. ಅದು ರಕ್ತದಲ್ಲಿ ಮೆದುಳಿನ ತಾವ್ಕೆ ಹೋಗಿ, 'ಸಾಕು, ಇಲ್ಲೊಂದು ತತ್ತಿ ಬಲೀತಾ ಅದೆ, ಇನ್ನು ಜೋರು ಮಾಡ್ಬೇಡ' ಅಂತ ಹೇಳ್ತದೆ."

"ಎಷ್ಟ್ ಬುಡ್ಬೇಕು ಅಂತ ಅವುಕ್ಕೆ ಯಾರ್ ಏಳೋರು?"

"ಅಕ್ಕಪಕ್ಕದ ಕೋಶಗಳೇ. ಅವೂ ಏನೇನೋ ಬಿಡ್ತವೆ, ಗ್ರೋತ್ ಫ್ಯಾಕ್ಟರ್ ಅಂತಾರೆ. ಕೆಲವು ಜಾಸ್ತಿ ಬಿಡು ಅಂತವೆ, ಕೆಲವು ಕಮ್ಮಿ ಮಾಡು ಅಂತವೆ. ಯಾವುದು ಏನು ಹೇಳ್ತದೆ ಅಂತ ನೋಡೋದೇ ನನ್ನ ಕೆಲಸ."

"ಅಕ್ಕಪಕ್ಕದೋರ್ ಮಾತ್ ಕೇಳೋದು ಅಲ್ಲೂ ತಪ್ಪಲಿಲ್ಲ ಅನ್ನು," ಎಂದು ಅವ್ವ ನಕ್ಕಳು.

ಸಂಜೆ ನನ್ನನ್ನು ಮಣೆಯ ಮೇಲೆ ಕೂರಿಸಿ ಮಡಿಲು ತುಂಬಿದಳು. ಅಕ್ಕಿ, ಬೆಲ್ಲ, ತೆಂಗಿನಕಾಯಿ, ಎಲೆ ಅಡಿಕೆ, ರವಿಕೆ ಕಣ. ತವರಿಂದ ಹೊರಡುವ ಹೆಣ್ಣುಮಗಳು ಬರಿ ಮಡಿಲಲ್ಲಿ ಹೊಸಲು ದಾಟಬಾರದು. ತುಂಬಿಸಿಕೊಂಡವಳು ಅದರಲ್ಲಿ ಒಂದು ಹಿಡಿ ತೆಗೆದು ಕೊಟ್ಟವಳಿಗೇ ವಾಪಸ್ ಹಾಕಬೇಕು, ಕೊಟ್ಟ ಮನೆಯೂ ಬರಿದಾಗಬಾರದು. ಇದು ನಮ್ಮ ಕಡೆಯ ಪದ್ಧತಿ. ಹೊರಡುವಾಗ ಅವ್ವ ಕೆಂಪಂಚಿನ ಇನ್ನೊಂದು ಹಸಿರು ಕಣವನ್ನೂ ಒಂದು ಅಚ್ಚು ಬೆಲ್ಲವನ್ನೂ ಪೆಟ್ಟಿಗೆಗೆ ತುರುಕಿದಳು. "ಅಲ್ಲೂ ಎಣ್ಮಕ್ಳು ಇರ್ತಾರಲ್ಲ. ಯಾರಾದ್ರೂ ಮನೆಗ್ ಕರುದ್ರೆ ಬರಿಗೈಲಿ ಓಗ್ಬೇಡ," ಎಂದಳು.

ಹೆಲ್ಸಿಂಕಿ, ಮೊದಲ ವಾರ

ಬಸ್ ನಿಲ್ದಾಣದಲ್ಲಿ ಜನ ನಿಂತಿದ್ದರು. ಒಬ್ಬರಿಂದ ಇನ್ನೊಬ್ಬರಿಗೆ ಒಂದು ಎತ್ತಿನಗಾಡಿ ನುಗ್ಗುವಷ್ಟು ಜಾಗ. ಏನಾದರೂ ಜಗಳವಾಗಿರಬೇಕು ಎಂದುಕೊಂಡೆ. ನಾನು ಹೋಗಿ ಒಬ್ಬ ಹೆಂಗಸಿನ ಪಕ್ಕ ನಿಂತೆ. ಆಕೆ ಒಂದು ಹೆಜ್ಜೆ ಸರಿದಳು. ಪಾಪ, ಜಾಗ ಕೊಟ್ಟಳು ಎಂದು ನಾನೂ ಒಂದು ಹೆಜ್ಜೆ ಸರಿದೆ. ಹೀಗೇ ಸರಿಯುತ್ತ ಸರಿಯುತ್ತ ಇಬ್ಬರೂ ಚಾವಣಿಯ ಆಚೆ ಮಳೆಯಲ್ಲಿ ನಿಂತೆವು. 

ರಸ್ತೆಯಲ್ಲಿ ಒಂದು ವಾಹನವೂ ಇಲ್ಲದಿದ್ದರೂ ಕೆಂಪು ದೀಪ ಹಸಿರಾಗುವವರೆಗೆ ಎಲ್ಲರೂ ಸುಮ್ಮನೆ ಕಾಯುತ್ತಾರೆ. ಮನೆಯೊಳಗೆ ಕಾಲಿಡುವ ಮೊದಲು ಚಪ್ಪಲಿ ಬಿಡುತ್ತಾರೆ, ಇದು ನನಗೆ ಬಹಳ ಹಿಡಿಸಿತು. ಊಟಕ್ಕೆ ಮಜ್ಜಿಗೆ ಕುಡಿಯುತ್ತಾರೆ! ಪ್ರಯೋಗಾಲಯದ ಕ್ಯಾಂಟೀನಿನಲ್ಲಿ ಕೋಟು ಹಾಕಿದ ಪ್ರೊಫೆಸರರು ಲೋಟದ ತುಂಬ ಮಜ್ಜಿಗೆ ಬಗ್ಗಿಸಿಕೊಳ್ಳುವುದನ್ನು ನೋಡಿ ನನಗೆ ಧೈರ್ಯ ಬಂತು. ಆ ಧೈರ್ಯದಲ್ಲೇ ಅಂಗಡಿಯಿಂದ ಅಲ್ಲಿಯ ಒಂದು ಬಗೆಯ ಮೊಸರು ತಂದು ಹಾಲಿಗೆ ಹೆಪ್ಪು ಹಾಕಿದೆ. ಬೆಳಗ್ಗೆ ಚಮಚ ಎತ್ತಿದರೆ ಮೊಸರು ಹಗ್ಗದಂತೆ ಎದ್ದು ಬಂತು. ಕೆಟ್ಟಿದೆ ಎಂದು ಚೆಲ್ಲಿದೆ. ಅದು ಇರಬೇಕಾದದ್ದೇ ಹಾಗೆ ಎಂದು ಆಮೇಲೆ ತಿಳಿಯಿತು.

ಪ್ರಯೋಗಾಲಯದ ಮುಖ್ಯಸ್ಥೆ ಡಾಕ್ಟರ್ ಹೆಲೇನಾ, ನನಗಿಂತ ಹತ್ತಾರು ವರ್ಷ ದೊಡ್ಡವರು, ಬಿಳಿ ಕೂದಲಿನ ನೀಳ ಹೆಂಗಸು. ಮೊದಲ ದಿನವೇ ಎಲ್ಲವನ್ನೂ ತೋರಿಸಿದರು. ಕೋಶಗಳು ಸಿಗುತ್ತಿದ್ದದ್ದು ರಸ್ತೆಯಾಚೆಯ ಆಸ್ಪತ್ರೆಯಿಂದ. ಮಕ್ಕಳಾಗದ ಹೆಂಗಸರಿಗೆ ಅಲ್ಲಿ ಚಿಕಿತ್ಸೆ. ಸೂಜಿ ಹಾಕಿ ಅಂಡಾಣುವನ್ನು ಹೊರತೆಗೆಯುವಾಗ ಅದರ ಜೊತೆ ಒಂದಿಷ್ಟು ದ್ರವ ಬರುತ್ತದೆ. ಅಂಡಾಣುವನ್ನು ವೈದ್ಯರು ಇಟ್ಟುಕೊಳ್ಳುತ್ತಾರೆ, ಮಿಕ್ಕ ದ್ರವವನ್ನು ಚೆಲ್ಲುತ್ತಾರೆ. ನನಗೆ ಬೇಕಾದ ಕೋಶಗಳು ಆ ಚೆಲ್ಲುವ ದ್ರವದಲ್ಲೇ ಇರುವುದು. ಆ ಹೆಂಗಸು ಆಗಲಿ ಎಂದು ಒಪ್ಪಿದರೆ ಅದು ನಮಗೆ. ಹೆಸರಿಲ್ಲ, ಊರಿಲ್ಲ, ಕೊಳವೆಯ ಮೇಲೆ ಒಂದು ಅಂಕಿ ಮಾತ್ರ.

ಆಸ್ಪತ್ರೆಯ ಕಿಟಕಿ

ಕೊಳವೆಗಳನ್ನು ಕಿಟಕಿಯಲ್ಲಿ ಕೊಡುತ್ತಿದ್ದವಳು ಐನೋ ಎಂಬ ನರ್ಸು. ನನ್ನ ವಯಸ್ಸಿನವಳು, ದುಂಡು ಮುಖ, ಹೊಂಬಣ್ಣದ ಜಡೆ. ಮೊದಲ ದಿನ ಕೊಳವೆ ಸಿದ್ಧವಾಗುವುದು ಸ್ವಲ್ಪ ತಡವಾಯಿತು. ಎದುರು ಬದುರು ಸುಮ್ಮನೆ ನಿಲ್ಲುವುದು ನನ್ನಿಂದಾಗದ ಕೆಲಸ. ಮಾತು ತೆಗೆದೆ.

"ನಿಮಗೆ ಮದುವೆಯಾಗಿದೆಯಾ?"

"ಹೌದು."

"ಮಕ್ಕಳೆಷ್ಟು?"

"ಇಲ್ಲ."

"ಮದುವೆಯಾಗಿ ಎಷ್ಟು ವರ್ಷವಾಯಿತು?"

ಐನೋ ಕೊಳವೆಗಳನ್ನು ನನ್ನ ಕಡೆ ತಳ್ಳಿದಳು. "ಇನ್ನೂ ಬೆಚ್ಚಗಿವೆ. ಬೇಗ ಹೋಗಿ," ಎಂದಳು.

ನನಗೆ ತಪ್ಪು ಮಾಡಿದೆ ಅಂತಲೂ ಅನ್ನಿಸಲಿಲ್ಲ. ನಂಜನಗೂಡಿನಿಂದ ಮೈಸೂರಿಗೆ ಬಸ್ಸು ಹತ್ತಿ ನೋಡಿ. ಪಕ್ಕದಲ್ಲಿ ಕೂತವಳು ತಾಂಡವಪುರ ಬರುವುದರೊಳಗೆ ನಿಮಗೆ ಮಕ್ಕಳೆಷ್ಟು ಎಂದು ಕೇಳಿರುತ್ತಾಳೆ. ಇಲ್ಲ ಎಂದರೆ ಯಾಕೆ ಎಂದು ಕೇಳುತ್ತಾಳೆ. ಇಳಿಯುವ ಮೊದಲು ಒಬ್ಬ ಡಾಕ್ಟರು, ಒಂದು ದೇವರು, ಒಂದು ಬೇರು ಮೂರನ್ನೂ ಹೇಳಿರುತ್ತಾಳೆ. ನನಗೆ ಮಗಳು ಚೈತ್ರ ಹುಟ್ಟಿದ್ದು ಮದುವೆಯಾದ ಮರುವರ್ಷವೇ. ಕೇಳಿಸಿಕೊಳ್ಳುವ ಕಡೆ ನಾನು ಯಾವತ್ತೂ ಕೂತವಳಲ್ಲ, ಅದಕ್ಕೇ ಅದರ ಬಿಸಿ ಗೊತ್ತಿರಲಿಲ್ಲ.

ಮಧ್ಯಾಹ್ನ ಹೆಲೇನಾ ನನ್ನನ್ನು ಕರೆದು, "ನಾಗಾ, ಇಲ್ಲಿ ಅದನ್ನು ಕೇಳುವುದಿಲ್ಲ," ಎಂದರು. ಯಾರೋ ಕೇಳಿಸಿಕೊಂಡು ಹೇಳಿದ್ದರು.

ನನಗೆ ರೇಗಿತು. "ಮತ್ತೇನು ಕೇಳಬೇಕು? ಹವೆ ಹೇಗಿದೆ ಅಂತಲಾ?"

ಹೆಲೇನಾ ಒಂದು ಗಳಿಗೆ ನಿಜವಾಗಿಯೂ ಯೋಚಿಸಿದರು. "ಅದನ್ನೂ ಕೇಳಬೇಕಾಗಿಲ್ಲ. ಕಿಟಕಿಯಲ್ಲಿ ಕಾಣುತ್ತದಲ್ಲ," ಎಂದರು.

ಅವತ್ತಿನಿಂದ ನಾನೂ ಕಿಟಕಿಯ ಮುಂದೆ ಬಾಯಿ ಕಟ್ಟಿಕೊಂಡು ನಿಂತೆ. ಅಷ್ಟು ಕಷ್ಟದ ಕೆಲಸವನ್ನು ನಾನು ಆ ದೇಶದಲ್ಲಿ ಬೇರೆ ಮಾಡಲಿಲ್ಲ.

ಮಂಜುಗಡ್ಡೆಯ ರಸ್ತೆ

ಕೋಶಗಳಿಗೆ ಚಳಿ ತಗಲಬಾರದು. ಕೊಳವೆಗಳನ್ನು ಫ್ಲಾಸ್ಕಿನಲ್ಲಿಟ್ಟು, ಅದನ್ನು ಕೋಟಿನೊಳಗೆ ಎದೆಗವುಚಿಕೊಂಡು ನಡೆಯುತ್ತಿದ್ದೆ. ಡಿಸೆಂಬರಿನಲ್ಲಿ ಬೆಳಗ್ಗೆ ಒಂಬತ್ತಕ್ಕೂ ಕತ್ತಲು. ರಸ್ತೆ ಎಣ್ಣೆ ಚೆಲ್ಲಿದ ಕಡಪಾ ಕಲ್ಲಿನ ಹಾಗಿತ್ತು. ಒಂದು ದಿನ ಆಸ್ಪತ್ರೆಯ ಮೆಟ್ಟಿಲಿಳಿದು ನಾಲ್ಕು ಹೆಜ್ಜೆ ಇಟ್ಟಿರಲಿಲ್ಲ, ಕಾಲು ಆಕಾಶಕ್ಕೆ ಹೋಯಿತು. ಬೆನ್ನಿನ ಮೇಲೆ ಬಿದ್ದೆ. ಫ್ಲಾಸ್ಕನ್ನು ಮಾತ್ರ ಎರಡೂ ಕೈಯಲ್ಲಿ ಮೇಲಕ್ಕೆ ಎತ್ತಿ ಹಿಡಿದಿದ್ದೆ. ಹೆಮ್ಮಿಗೆಯಲ್ಲಿ ಹೊಳೆಯಿಂದ ಬಿಂದಿಗೆ ಹೊತ್ತು ಬೆಳೆದವಳು, ಜಾರಿದರೂ ನೀರು ತುಳುಕಬಾರದು ಎಂಬುದು ಮೈಗೆ ಹತ್ತಿದ ಅಭ್ಯಾಸ.

ಇಬ್ಬರು ಗಂಡಸರು ಬಂದು ಎಬ್ಬಿಸಿ ನಿಲ್ಲಿಸಿ, ಒಂದು ಮಾತೂ ಆಡದೆ ಹೋದರು. ಯಾವೂರು, ಯಾಕೆ ಬಿದ್ದಿರಿ, ಎಲ್ಲಿ ಪೆಟ್ಟಾಯಿತು, ಏನೂ ಇಲ್ಲ. ನಮ್ಮಲ್ಲಾಗಿದ್ದರೆ ಅಷ್ಟು ಹೊತ್ತಿಗೆ ಒಬ್ಬರು ಸೋಡಾ ತಂದಿರುತ್ತಿದ್ದರು, ಇನ್ನೊಬ್ಬರು ನೋಡಿಕೊಂಡು ನಡೆಯಬಾರದಾ ಎಂದು ಬೈದಿರುತ್ತಿದ್ದರು. ಯಾಕೋ ಆ ಬೈಗುಳ ಬೇಕೆನಿಸಿ ಕಣ್ಣಲ್ಲಿ ನೀರು ಬಂತು.

ಮುಂದಿನ ಸಲ ಕಿಟಕಿಗೆ ಹೋದಾಗ ಕೊಳವೆಗಳ ಪಕ್ಕ ಒಂದು ಕಾಗದದ ಚೀಲವಿತ್ತು. ಒಳಗೆ ಶೂಗೆ ಕಟ್ಟಿಕೊಳ್ಳುವ ಮುಳ್ಳಿನ ಪಟ್ಟಿ, ಜೊತೆಗೆ ಕೈಯಲ್ಲಿ ಹೆಣೆದ ಬೂದು ಬಣ್ಣದ ಉಣ್ಣೆಯ ಕಾಲುಚೀಲ. ಐನೋ ನನ್ನ ಮುಖ ನೋಡದೆ ಏನೋ ಬರೆದುಕೊಳ್ಳುತ್ತಿದ್ದಳು. ಥ್ಯಾಂಕ್ಸ್ ಎಂದೆ. ತಲೆಯಾಡಿಸಿದಳು. ನಾನು ಬಿದ್ದದ್ದನ್ನು ಅವಳು ಕಿಟಕಿಯಿಂದ ನೋಡಿದ್ದಳು.

ಉಪವಾಸ

ಕೆಲಸ ಮಾತ್ರ ಕೈಗೆ ಹತ್ತಲಿಲ್ಲ. ಒಂದು ಸಲ ದ್ರವದ ತುಂಬ ಬರೀ ರಕ್ತ, ಕೋಶಗಳನ್ನು ಬೇರ್ಪಡಿಸುವಷ್ಟರಲ್ಲಿ ಅರ್ಧ ಸತ್ತವು. ಇನ್ನೊಂದು ಸಲ ಬಟ್ಟಲಲ್ಲಿ ಬೂಷ್ಟು. ಮತ್ತೊಂದು ಸಲ ಎಲ್ಲ ಚೆನ್ನಾಗಿಯೇ ಬೆಳೆದವು, ಆದರೆ ಗ್ರೋತ್ ಫ್ಯಾಕ್ಟರ್ ಹಾಕಿದ ಬಟ್ಟಲಿಗೂ ಹಾಕದ ಬಟ್ಟಲಿಗೂ ವ್ಯತ್ಯಾಸವೇ ಇಲ್ಲ. ಒಬ್ಬೊಬ್ಬ ಹೆಂಗಸಿನ ಕೋಶ ಒಂದೊಂದು ರೀತಿ, ಅದಕ್ಕೆ ಯಾರೂ ಏನೂ ಮಾಡುವಂತಿಲ್ಲ.

ಇದರಲ್ಲಿ ನನಗೆ ಸಂಕಟವಾಗುತ್ತಿದ್ದ ಹಂತ ಒಂದಿತ್ತು. ಕೋಶಗಳನ್ನು ಮೊದಲು ಸೀರಮ್ ಹಾಕಿ ಸಾಕುತ್ತೇವೆ. ಸೀರಮ್ ಎಂದರೆ ಕರುವಿನ ರಕ್ತದ ತಿಳಿ, ಅದೇ ಅವುಗಳ ಊಟ. ಆದರೆ ಆ ಊಟದಲ್ಲೇ ನೂರೆಂಟು ಗ್ರೋತ್ ಫ್ಯಾಕ್ಟರ್‌ಗಳು ಇರುತ್ತವೆ. ನಾವು ಹಾಕುವ ಒಂದರ ಮಾತು ಕೇಳಿಸಬೇಕಾದರೆ ಮಿಕ್ಕ ಗಲಾಟೆ ನಿಲ್ಲಬೇಕು. ಹಾಗಾಗಿ ಅಳೆಯುವ ಮೊದಲು ಅವುಗಳನ್ನು ಸೀರಮ್ ಇಲ್ಲದೆ ಉಪವಾಸ ಇಡಬೇಕು. ನಾನು ಬೆಳೆದದ್ದು ಮಠದ ದಾಸೋಹದ ಅನ್ನ ತಿಂದು. ಬಂದವರಿಗೆ ಮೊದಲು ಊಟ, ಆಮೇಲೆ ಮಾತು. ಸೂಕ್ಷ್ಮದರ್ಶಕದಲ್ಲಿ ಆ ಕೋಶಗಳು ಮುದುಡಿಕೊಂಡು ಕೂತದ್ದನ್ನು ನೋಡಿ, ಬಟ್ಟಲನ್ನು ಬೇಗ ಒಳಗಿಟ್ಟುಬಿಡುತ್ತಿದ್ದೆ.

ಭಾನುವಾರ ಅವ್ವ ಪಕ್ಕದ ಮನೆಯ ಫೋನಿನ ಹತ್ತಿರ ಬಂದು ಕೂರುತ್ತಿದ್ದಳು. ಈ ಕಷ್ಟವನ್ನು ಅವಳ ಮುಂದೆ ತೋಡಿಕೊಂಡೆ. ಊಟ ಏನೆಂದು ಮಾತ್ರ ಹೇಳಲಿಲ್ಲ.

"ಒಂದ್ ಚೂರು ಆಕ್ಬುಡು. ಯಾರ್ಗೂ ಏಳ್ಬೇಡ," ಎಂದಳು ಅವ್ವ.

"ನೀನು ಜ್ವರಕ್ಕೆ ಕೂತ ಹುಳಕ್ಕೆ ಸೊಪ್ಪು ಹಾಕ್ತೀಯೇನವ್ವಾ?" ಎಂದೆ. ರೇಷ್ಮೆ ಹುಳು ಪೊರೆ ಬಿಡುವ ಮುಂಚೆ ತಲೆಯೆತ್ತಿ ಅಲುಗಾಡದೆ ಕೂರುವುದನ್ನು ನಮ್ಮಲ್ಲಿ ಜ್ವರ ಅನ್ನುತ್ತಾರೆ. ಆಗ ಸೊಪ್ಪು ಹಾಕುವಂತಿಲ್ಲ.

"ಅದು ಉಳ. ಇದು ಎಣ್ಮಕ್ಳುದಲ್ವಾ," ಎಂದಳು.

ನಾನು ಊಟ ಹಾಕಲಿಲ್ಲ. ಆದರೆ ಅಂದಿನಿಂದ ಬಟ್ಟಲುಗಳನ್ನು ನೋಡುವಾಗ, ಈ ಕೋಶ ಯಾರದೋ ಎಂಬ ಯೋಚನೆ ತಪ್ಪಲಿಲ್ಲ. ಕುರಿಯ ವಿಷಯದಲ್ಲಿ ಹಾಗಾಗಿರಲಿಲ್ಲ. ಈ ದ್ರವ ಕೊಟ್ಟವಳು ಈಗ ಎಲ್ಲೋ ಮನೆಯಲ್ಲಿ ಮಲಗಿ, ಈ ಸಲವಾದರೂ ಗರ್ಭ ನಿಲ್ಲಲಿ ಎಂದು ಕಾಯುತ್ತಿರುತ್ತಾಳಲ್ಲ, ಅನ್ನಿಸುತ್ತಿತ್ತು.

ಹೆಲೇನಾರ ಸೌನಾ

ಜನವರಿಯಲ್ಲಿ ಹೆಲೇನಾ ನಮ್ಮನ್ನೆಲ್ಲ ಮನೆಗೆ ಕರೆದರು. ಬೆಲ್ಲದಚ್ಚು, ಕಣ ಎರಡನ್ನೂ ತೆಗೆದುಕೊಂಡು ಹೊರಟವಳು, ಊಟಕ್ಕೆ ಮೊದಲು ಸೌನಾ ಎಂದು ತಿಳಿದು ಗಾಬರಿಯಾಗಿ ಎರಡನ್ನೂ ಕೋಣೆಯಲ್ಲೇ ಬಿಟ್ಟು ಹೋದೆ. ಸೌನಾ ಎಂದರೆ ಮರದ ಸಣ್ಣ ಕೋಣೆ, ಕಾದ ಕಲ್ಲು, ಅದರ ಮೇಲೆ ನೀರು ಹುಯ್ದು ಎಬ್ಬಿಸುವ ಹಬೆ. ಹೆಂಗಸರೆಲ್ಲ ಬಟ್ಟೆ ಬಿಚ್ಚಿಟ್ಟು ಸಾಲಾಗಿ ಕೂರುತ್ತಾರೆ. ಬಸ್‌ಸ್ಟ್ಯಾಂಡಿನಲ್ಲಿ ಮಾರು ದೂರ ನಿಲ್ಲುವವರು ಇಲ್ಲಿ ಮೈಗೆ ಮೈ ತಾಗಿಸಿ ಕೂತಿದ್ದರು! ನಾನು ಲಂಗ ಎದೆಗೆ ಕಟ್ಟಿಕೊಂಡು, ಎಣ್ಣೆ ಸ್ನಾನ ಎಂದುಕೊಂಡು ಒಳಗೆ ಹೋದೆ. ಐನೋ ಕೂಡ ಬಂದಿದ್ದಳು.

ಕೊರಳಲ್ಲಿ ಬೆಳ್ಳಿಯ ಕರಡಿಗೆ ಇತ್ತು, ಅದರೊಳಗೆ ನನ್ನ ಲಿಂಗ. ಅದನ್ನು ಮೈಯಿಂದ ತೆಗೆಯುವಂತಿಲ್ಲ. ಬೆಳ್ಳಿ ಕಾಯುತ್ತದೆ ಎಂಬುದು ಪಾಠ ಮಾಡುವವಳಿಗೆ ಹೊಳೆಯಲಿಲ್ಲ. ಎರಡನೆಯ ಸಲ ನೀರು ಹುಯ್ದ ಹಬೆಗೆ ಕರಡಿಗೆ ಚುರ್ ಎಂದಿತು. "ಅಯ್ಯೋ ಶಿವನೇ!" ಎಂದು ಕಿರುಚಿದೆ. ಐನೋ ತಣ್ಣೀರಿನಲ್ಲಿ ಅದ್ದಿದ ಬಟ್ಟೆಯನ್ನು ನನ್ನ ಕೈಗಿಟ್ಟಳು. ಅದರಲ್ಲಿ ಕರಡಿಗೆ ಸುತ್ತಿ ಹಿಡಿದುಕೊಂಡೆ. ಇದೇನು ಎಂದು ಒಬ್ಬಳೂ ಕೇಳಲಿಲ್ಲ. ಕೇಳಲಿ ಎಂದು ನಾನು ಕಾದೆ. ಊಟ ಮುಗಿದು ಮನೆಗೆ ಬಂದರೂ ಕೇಳಲಿಲ್ಲ. ಅದು ಮರ್ಯಾದೆಯೋ ಉಪೇಕ್ಷೆಯೋ ನನಗೆ ಆಗ ಗೊತ್ತಾಗಲಿಲ್ಲ.

ಒಂದು ಗುರುವಾರ

ಫೆಬ್ರವರಿ ಮುಗಿಯುತ್ತ ಬಂತು, ಕೈಯಲ್ಲಿ ಏನೂ ಇಲ್ಲ. ಹೆಲೇನಾ ಬೈಯಲಿಲ್ಲ, ಅವರು ಬೈಯುವವರಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬರಿಗೈಲಿ ನಂಜನಗೂಡಿಗೆ ಹಿಂತಿರುಗಿ, ಸ್ಟಾಫ್ ರೂಮಿನಲ್ಲಿ ಚಳಿ ಎಷ್ಟಿತ್ತು ಎಂದು ಹೇಳುತ್ತ ಕೂರುವುದನ್ನು ನೆನೆದರೆ ಊಟ ಸೇರುತ್ತಿರಲಿಲ್ಲ.

ಒಂದು ಗುರುವಾರ ಕಿಟಕಿಯಲ್ಲಿ ಬೇರೆ ನರ್ಸು ಇದ್ದಳು. ಐನೋ ರಜೆಯಲ್ಲಿದ್ದಾಳೆ ಎಂದಳು. ಕೊಳವೆಗಳನ್ನು ಬೆಳಕಿಗೆ ಹಿಡಿದೆ. ತಿಳಿ ಹೊಂಬಣ್ಣ, ರಕ್ತ ಹೆಚ್ಚಿಲ್ಲ. ಮುಳ್ಳಿನ ಪಟ್ಟಿ ಕಟ್ಟಿದ ಕಾಲಲ್ಲಿ ಚಕಚಕ ನಡೆದು ಬಂದು ಬಟ್ಟಲಿಗೆ ಹಾಕಿದೆ. ಮಾರನೆಯ ದಿನ ನೋಡಿದರೆ ಕೋಶಗಳು ತಳಕ್ಕೆ ಅಂಟಿಕೊಂಡು, ಕೈಕಾಲು ಚಾಚಿ, ಪಕ್ಕದ್ದನ್ನು ಮುಟ್ಟಿಕೊಂಡು ಹಾಸಿಗೆಯ ಹಾಗೆ ಹರಡಿದ್ದವು. ಅಂಥವನ್ನು ನಾನು ಅದುವರೆಗೆ ನೋಡಿರಲಿಲ್ಲ. ಉಪವಾಸಕ್ಕೂ ಅವು ಜಗ್ಗಲಿಲ್ಲ.

ಸೋಮವಾರ ಐನೋ ಕಿಟಕಿಗೆ ವಾಪಸ್ ಬಂದಿದ್ದಳು. ಮುಖ ಬಿಳಿಚಿಕೊಂಡಿತ್ತು. ಮೈ ಹುಷಾರಿಲ್ಲವಾ ಎಂಬ ಪ್ರಶ್ನೆ ನಾಲಿಗೆಯ ತುದಿಗೆ ಬಂತು, ನುಂಗಿಕೊಂಡೆ.

ಗ್ರೋತ್ ಫ್ಯಾಕ್ಟರ್ ಹಾಕಿ, ಕಾದು, ಬಟ್ಟಲಿನ ನೀರನ್ನು ತೆಗೆದು, ಅದರಲ್ಲಿನ ಪ್ರೋಟೀನು ಅಳೆಯುವ ದಿನ ಬಂತು. ಅಳೆಯುವ ತಟ್ಟೆಯ ಸಣ್ಣ ಸಣ್ಣ ಗುಳಿಗಳಿಗೆ ಅದನ್ನು ಹಾಕಿದಾಗ, ಪ್ರೋಟೀನು ಹೆಚ್ಚಿದ್ದಲ್ಲಿ ಹಳದಿ ಬಣ್ಣ ಗಾಢವಾಗುತ್ತದೆ. ಏನೂ ಹಾಕದ ಗುಳಿಗಳು ತೆಳ್ಳಗೆ. ಒಂದು ಫ್ಯಾಕ್ಟರ್ ಹಾಕಿದ ಗುಳಿಗಳು ಸಾಲಾಗಿ ಅರಿಶಿನ ಕದಡಿದ ಹಾಗೆ ಏರಿದವು. ಇನ್ನೊಂದನ್ನು ಹಾಕಿದವು ತೆಳ್ಳಗಿದ್ದದ್ದಕ್ಕಿಂತಲೂ ತೆಳ್ಳಗಾದವು. ಒಂದು ಜಾಸ್ತಿ ಬಿಡು ಎಂದಿತ್ತು, ಇನ್ನೊಂದು ಕಮ್ಮಿ ಮಾಡು ಎಂದಿತ್ತು, ಕೋಶಗಳು ಎರಡನ್ನೂ ಕೇಳಿದ್ದವು. ನಾನು ಹ್ಞಾಂ ಎಂದು ಕೂಗಿಯೇ ಬಿಟ್ಟೆ. ಇಡೀ ಕೋಣೆ ತಿರುಗಿ ನೋಡಿತು.

ಹೆಲೇನಾ ಬಂದು ನೋಡಿ, "ಪರವಾಗಿಲ್ಲ," ಎಂದರು. ಅಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆಯನ್ನು ನಾನು ಕೇಳಿಲ್ಲ. ಒಬ್ಬಳದು ಸಾಲದು, ಇನ್ನೂ ಮಾಡು ಎಂದರು. ಮಾಡಿದೆ. ಆಮೇಲೆ ಬಂದವರ ಕೋಶಗಳೂ ಅದೇ ದಾರಿ ಹಿಡಿದವು, ಗುರುವಾರದವುಗಳಷ್ಟು ಜೋರಾಗಿ ಅಲ್ಲದಿದ್ದರೂ ಹಿಡಿದವು. ನನ್ನ ಚಳಿಗಾಲ ಉಳಿಯಿತು.

ಖುಷಿಯಲ್ಲಿ ಕಿಟಕಿಗೆ ಹೋಗಿ ಐನೋಗೂ ಹೇಳಿದೆ. "ನೀನು ರಜೆ ಹಾಕಿದ್ದೆಯಲ್ಲ, ಆ ಗುರುವಾರದ್ದು."

ಅವಳು ಬರೆಯುವುದನ್ನು ನಿಲ್ಲಿಸಿದಳು. ಅಷ್ಟು ತಿಂಗಳಲ್ಲಿ ನನ್ನನ್ನು ಮೊದಲ ಸಲ ಒಂದು ಪ್ರಶ್ನೆ ಕೇಳಿದಳು. "ಚೆನ್ನಾಗಿ ಬೆಳೆದವಾ?"

"ತುಂಬಾ ಚೆನ್ನಾಗಿ," ಎಂದೆ.

"ಒಳ್ಳೆಯದು," ಎಂದು ಮತ್ತೆ ಬರೆಯತೊಡಗಿದಳು.

ಕೊನೆಯ ಬೆಳಗು

ಹೊರಡುವ ದಿನ ಪೆಟ್ಟಿಗೆ ಕಟ್ಟುವಾಗ ಅವ್ವ ಕೊಟ್ಟ ಕಣ ಕೈಗೆ ಬಂತು. ಯಾರಿಗೂ ಕೊಟ್ಟಿರಲಿಲ್ಲ. ಇದು ಸೇರಬೇಕಾದದ್ದು ಆ ಗುರುವಾರದ ಹೆಣ್ಣುಮಗಳಿಗೆ ಅನ್ನಿಸಿತು. ಅವಳಿಂದ ಇಷ್ಟು ತೆಗೆದುಕೊಂಡು, ಅವಳ ಮಡಿಲಿಗೆ ಒಂದು ಹಿಡಿ ಅಕ್ಕಿಯೂ ಹಾಕದೆ ಹೋಗುವುದು ನಮ್ಮ ಮನೆತನದವರು ಮಾಡುವ ಕೆಲಸವಲ್ಲ. ಅಂಗಡಿಗೆ ಓಡಿ ಅಕ್ಕಿ ತಂದೆ, ಅಲ್ಲಿ ಗಂಜಿಗೆ ಬಳಸುವ ದುಂಡನೆಯ ಅಕ್ಕಿ. ತೆಂಗಿನಕಾಯಿಯೂ ಸಿಕ್ಕಿತು. ವೀಳ್ಯದೆಲೆಯ ಆಸೆ ಬಿಟ್ಟೆ. ಬೆಲ್ಲ ಇತ್ತು.

ಕಿಟಕಿಯಲ್ಲಿ ಐನೋ ಒಬ್ಬಳೇ ಇದ್ದಳು. ಎಲ್ಲವನ್ನೂ ಅವಳ ಮುಂದಿಟ್ಟು, ಇದು ನಮ್ಮ ಊರಿನ ಪದ್ಧತಿ ಎಂದು ವಿವರಿಸಿದೆ. "ಆ ಗುರುವಾರದವಳಿಗೆ ಕೊಡಬೇಕು."

"ಹೆಸರು ಹೇಳುವಂತಿಲ್ಲ," ಎಂದಳು.

"ಹೆಸರು ಬೇಡ. ನಿನಗೆ ಗೊತ್ತಿರುತ್ತಲ್ಲ, ತಲುಪಿಸಿದರೆ ಸಾಕು."

ಐನೋ ಕೆಂಪಂಚಿನ ಕಣವನ್ನು ಬೆರಳಲ್ಲಿ ಮುಟ್ಟಿ ನೋಡಿದಳು. ಕೇಳಿದಳು, "ಇದನ್ನು ಹೇಗೆ ತೆಗೆದುಕೊಳ್ಳಬೇಕು?"

ಸೆರಗು ಒಡ್ಡುವುದನ್ನೂ ಅದರಿಂದ ಒಂದು ಹಿಡಿ ವಾಪಸ್ ಹಾಕುವುದನ್ನೂ ತೋರಿಸಿದೆ. ಅವಳು ಬಾಗಿಲು ತೆರೆದುಕೊಂಡು ಈಚೆ ಬಂದಳು. ತನ್ನ ಬಿಳಿ ಕೋಟಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು, ಹೊಟ್ಟೆಯ ಮುಂದೆ ಒಡ್ಡಿ ನಿಂತಳು. ನಾನು ಅಕ್ಕಿ ಹಾಕಿದೆ, ಬೆಲ್ಲ ಇಟ್ಟೆ, ಕಾಯಿ ಇಟ್ಟೆ, ಮೇಲೆ ಕಣ ಇಟ್ಟೆ.

"ಅವಳಿಗೆ ತಲುಪಿಸುತ್ತೀಯಲ್ಲ?" ಎಂದೆ.

"ತಲುಪಿತು," ಎಂದಳು ಐನೋ.

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಗುರುವಾರದ ರಜೆ, ಬಿಳಿಚಿದ ಮುಖ, ಚೆನ್ನಾಗಿ ಬೆಳೆದವಾ ಎಂದ ಮಾತು. ಅಷ್ಟು ದಿನ ನಾನು ಸೂಕ್ಷ್ಮದರ್ಶಕದಲ್ಲಿ ನೋಡಿ ಹಿಗ್ಗಿದ್ದು ಇವಳ ಕೋಶಗಳನ್ನು. ಮೊದಲ ದಿನ ಇದೇ ಕಿಟಕಿಯಲ್ಲಿ ಮಕ್ಕಳೆಷ್ಟು ಎಂದು ಕೇಳಿದ್ದು ಇವಳನ್ನೇ. ಮಡಿಲು ತುಂಬಿದವರು ಬರುವ ವರ್ಷ ತೊಟ್ಟಿಲು ಕಟ್ಟು ಎಂದು ಹರಸಬೇಕು. ಹರಸುವ ಬದಲು ಮೇಲಿದ್ದ ಕಣದ ಮಡಿಕೆ ಸರಿಮಾಡಿದೆ.

ನಾನು ಕೇಳದೆಯೇ ಅವಳು ಹೇಳಿದಳು. "ಆ ಸಲವೂ ನಿಲ್ಲಲಿಲ್ಲ. ಇನ್ನು ಪ್ರಯತ್ನ ಮಾಡುವುದಿಲ್ಲ."

ನಾನು ಅತ್ತುಬಿಟ್ಟೆ. ಅವಳು ಅಳಲಿಲ್ಲ. ಕೋಟಿನ ಅಂಚನ್ನು ಒಂದು ಕೈಗೆ ಬದಲಾಯಿಸಿಕೊಂಡು, ನಾನು ಹೇಳಿಕೊಟ್ಟ ಹಾಗೆಯೇ ಒಂದು ಹಿಡಿ ಅಕ್ಕಿ ತೆಗೆದು ನನ್ನ ಸೆರಗಿಗೆ ಹಾಕಿದಳು. ಆಮೇಲೆ ನನ್ನ ಕೊರಳಿನ ಕಡೆ ಬೆರಳು ತೋರಿಸಿ, "ಅದೇನು ಅಂತ ಅವತ್ತಿನಿಂದ ಕೇಳಬೇಕು ಅಂತಿದ್ದೆ," ಎಂದಳು. ವಿಮಾನಕ್ಕೆ ಹೊತ್ತಾಗಿತ್ತು. ಆದರೂ ಅಲ್ಲೇ ಬೆಂಚಿನ ಮೇಲೆ ಕೂತು, ಕರಡಿಗೆ ಬಿಚ್ಚಿ ಲಿಂಗವನ್ನು ಅಂಗೈಲಿಟ್ಟುಕೊಂಡು ತೋರಿಸಿದೆ, ಎಲ್ಲ ಹೇಳಿದೆ.

ಮತ್ತೆ ಹೆಮ್ಮಿಗೆ

ಪ್ರಬಂಧ ಮುಂದೆ ಪಾಸಾಯಿತು. ಅದು ಬೇರೆ ಮಾತು.

ಬಂದ ವಾರ ಚೈತ್ರಳನ್ನು ಕರೆದುಕೊಂಡು ಹೆಮ್ಮಿಗೆಗೆ ಹೋದೆ. ಅವ್ವ ಅದೇ ಕೋಣೆಯಲ್ಲಿ ಅದೇ ಕೆಲಸದಲ್ಲಿದ್ದಳು. ಚೈತ್ರ ಅಜ್ಜಿಯ ಜೊತೆ ಸೊಪ್ಪು ಹರಡಲು ಕೂತಳು.

"ಕೆಂಪಂಚಿನ ಕಣ ಯಾರ್ಗ್ ಕೊಟ್ಟೆ?" ಎಂದಳು ಅವ್ವ.

"ಐನೋ ಅಂತ. ಆಸ್ಪತ್ರೆ ನರ್ಸು."

"ಮಕ್ಳೆಷ್ಟು ಅವ್ಳಿಗೆ?"

"ಅಲ್ಲಿ ಅದನ್ನ ಕೇಳಲ್ಲ ಕಣವ್ವ."

ಅವ್ವ ಸೊಪ್ಪು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ನನ್ನ ಕಡೆ ತಿರುಗಿದಳು. "ಅಯ್ಯೋ! ಮತ್ತೆ ಒಬ್ರ ಕಷ್ಟ ಇನ್ನೊಬ್ರಿಗೆ ಗೊತ್ತಾಗೋದು ಎಂಗೆ?"

ಕರವಸ್ತ್ರದ ಗಂಟು ಬಿಚ್ಚಿ ಆ ದುಂಡಕ್ಕಿಯನ್ನು ಅವಳ ಅಂಗೈಗೆ ಹಾಕಿದೆ. ವಾಪಸ್ ಕೊಟ್ಟಿದ್ದು, ಎಂದೆ. ಅವ್ವ ಒಂದು ಕಾಳೂ ಬೀಳದ ಹಾಗೆ ಮುಷ್ಟಿ ಹಿಡಿದುಕೊಂಡು ಒಳಗೆ ಹೋಗಿ, ಅಕ್ಕಿಯ ಮಡಕೆಗೆ ಸುರಿದು ಬಂದಳು.